ಕಂಪನಗಳ ಬೆನ್ನುಹತ್ತಿದ ರಾಮನ್

ಸಂಡೂರು ತಾಲ್ಲೂಕಿನ ಕುರೆಕುಪ್ಪ, ತೋರಣಗಲ್ಲುಗಳ ಕಡೆ ರೈಲುಹಾದಿಯ ಸಮೀಪ ವಾಸಿಸುವವರಿಗೆ ಒಂದು ಅನುಭವ ಚಿರಪರಿಚಿತ. ಅದಿರು ತುಂಬಿದ ಗಾಡಿ ಸಾಗುವಾಗ ಗೋಡೆಗೆ ಆನಿಸಿಟ್ಟ ತಟ್ಟೆಗಳು ಕಿಣಿಕಿಣಿ ಎನ್ನುತ್ತವೆ. ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತವೆ. ಗಾಡಿ ಸರಿದುಹೋದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಮನೆಯ ಗೋಡೆ ನಡುಗಿದುದನ್ನು ಕಣ್ಣು ಕಾಣಲಿಲ್ಲ. ತಟ್ಟೆಯೂ ನೀರೂ ಅದನ್ನು ತಿಳಿಸಿಕೊಟ್ಟವು. ಅಲ್ಲಿಂದ ಹೊಸಪೇಟೆಯನ್ನು ಹಾದು ಹಂಪೆಗೆ ಹೋದರೆ, ವಿಠ್ಠಲ ದೇವಾಲಯದ ಮಹಾಮಂಟಪದಲ್ಲಿ ತಟ್ಟಿದರೆ ನಾದಗೈಯುವ ಕಲ್ಲಿನ ಕಂಬಗಳಿವೆ. ಬಳ್ಳಾರಿಯ ಬಳಿ ಸಂಗನಕಲ್ಲು–ಕುಪ್ಪಗಲ್ಲಿನ ಬೆಟ್ಟದಲ್ಲಿ, ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳಿವೆ. ನವಶಿಲಾಯುಗದ ಜನರು ಅವುಗಳನ್ನು ಬಡಿದ ಗುರುತುಗಳು ಇನ್ನೂ ಉಳಿದಿವೆ. ಗೋಡೆಯ ನಡುಕ, ಕಂಬದ ನಾದ, ಬಂಡೆಯ ದನಿ ಇವು ಮೂರೂ ಮೂಲತಃ ಒಂದೇ. ವಸ್ತುವೊಂದು ತನ್ನ ನೆಲೆಯಿಂದ ಅತ್ತಿತ್ತ ತೂಗಾಡುವ ಈ ಕ್ರಿಯೆಗೆ ಕಂಪನವೆಂದು ಹೆಸರು.

ಇಂಥ ಕಂಪನಗಳನ್ನು ಅಳೆದು, ಬಿಡಿಸಿ, ಅವುಗಳ ಒಳಗಿನ ನಿಯಮವನ್ನು ಕಾಣುವುದರಲ್ಲಿ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದವರು ಸರ್ ಚಂದ್ರಶೇಖರ ವೆಂಕಟರಾಮನ್. ಬೆಳಕಿನ ಬಗೆಗಿನ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದವರೆಂದು ಅವರ ಹೆಸರು ಲೋಕವಿಖ್ಯಾತವಾಗಿದೆ. ಆದರೆ ಬೆಳಕಿಗಿಂತ ಮೊದಲು ಅವರನ್ನು ಸೆಳೆದುದು ನಾದ. ತಂತಿ, ಚರ್ಮ, ಗುಮ್ಮಟಗಳ ಕಂಪನವನ್ನು ಅರಿಯಲು ಅವರು ಪಟ್ಟ ಶ್ರಮವನ್ನು ತಿಳಿಯದೆ ಮುಂದಿನ ಸಾಧನೆಯನ್ನು ಪೂರ್ಣವಾಗಿ ತಿಳಿಯಲಾಗದು.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕ್ಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ಗಣಿತ ಮತ್ತು ಭೌತವಿಜ್ಞಾನಗಳ ಅಧ್ಯಾಪಕರು. ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಸಂಸಾರವು ಅಲ್ಲಿಗೆ ಹೋಯಿತು. ಅವರಿಗೆ ಪುಸ್ತಕಗಳಲ್ಲಿ ಎಷ್ಟು ಪ್ರೀತಿಯೋ ಸಂಗೀತದಲ್ಲಿಯೂ ಅಷ್ಟೇ ಪ್ರೀತಿ, ಪಿಟೀಲು ನುಡಿಸಬಲ್ಲವರಾಗಿದ್ದರು. ಹೀಗೆ ಭೌತವಿಜ್ಞಾನವೂ ಪಿಟೀಲೂ ಒಂದೇ ಮನೆಯಲ್ಲಿ ಇದ್ದವು. ಬಾಲಕ ರಾಮನ್ ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಪದವಿಯನ್ನು ಪ್ರಥಮಸ್ಥಾನದಲ್ಲಿ ಪಡೆದು, 1907ರಲ್ಲಿ ಎಂ.ಎ. ಮುಗಿಸಿದಾಗ ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನ ಲೇಖನ ಇಂಗ್ಲೆಂಡಿನ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆ ದಿನಗಳಲ್ಲಿ ಅವರು ಓದಿದ ಗ್ರಂಥಗಳಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಸ್ವರಸಂವೇದನೆಯ ವಿಷಯವಾಗಿ ಬರೆದ ಮಹಾಗ್ರಂಥವು ಅವರ ಮನಸ್ಸನ್ನು ಬಲವಾಗಿ ಹಿಡಿಯಿತು.

ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ವೃತ್ತಿಯಾಗಿ ಹಿಡಿಯುವ ಅವಕಾಶ ವಿರಳವಾಗಿತ್ತು. ಇಂಗ್ಲೆಂಡಿಗೆ ಹೋಗಿ ಕಲಿಯಬಹುದಿತ್ತು; ಆದರೆ ಆ ದೇಶದ ಹವೆ ಈ ಕೃಶಶರೀರಕ್ಕೆ ಒಗ್ಗದೆಂದು ವೈದ್ಯರು ತೀರ್ಮಾನಿಸಿದರು. ಹೀಗಾಗಿ ರಾಮನ್ನರು ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. 1907ರಲ್ಲಿಯೇ ವೀಣೆ ಬಲ್ಲ ಲೋಕಸುಂದರಿಯವರೊಡನೆ ವಿವಾಹವಾಯಿತು. ಅದೇ ವರ್ಷ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದರು. ಕೈತುಂಬ ಸಂಬಳ, ಸಮಾಜದಲ್ಲಿ ಗೌರವ ಎರಡೂ ದೊರೆತಿದ್ದವು. ಸಾಮಾನ್ಯನಾಗಿದ್ದರೆ ಅಲ್ಲಿಗೆ ತೃಪ್ತನಾಗಿಬಿಡುತ್ತಿದ್ದನು.

ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘ ಎಂಬ ಅರ್ಥದ ಫಲಕವೊಂದು ಅವರ ಕಣ್ಣಿಗೆ ಬಿದ್ದಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಕಟ್ಟಡವಿತ್ತು, ಉಪಕರಣಗಳಿದ್ದವು, ಅವುಗಳನ್ನು ಬಳಸಿ ಸಂಶೋಧನೆ ನಡೆಸುವವರು ಮಾತ್ರ ಬಹುಮಟ್ಟಿಗೆ ಇರಲಿಲ್ಲ. ರಾಮನ್ನರು ಬಾಗಿಲು ತಟ್ಟಿದಾಗ ತೆರೆದವರು ಆಶುತೋಷ ಡೇ ಎಂಬ ಸಹಾಯಕರು. ಮುಂದೆ ಇಪ್ಪತ್ತೈದು ವರ್ಷಗಳ ಕಾಲ ರಾಮನ್ನರ ಪ್ರಯೋಗಗಳಿಗೆ ಕೈಯಾಗಿ ನಿಂತವರು ಈ ಆಶುಬಾಬು. ದೊಡ್ಡವರ ಚರಿತ್ರೆಯಲ್ಲಿ ಇಂಥವರ ಹೆಸರು ಮರೆಯಾಗಿಬಿಡುವುದುಂಟು, ಮರೆಯಾಗಬಾರದು.

ಅಂದಿನಿಂದ ರಾಮನ್ನರ ದಿನಚರಿಯೇ ಬದಲಾಯಿತು. ಬೆಳಗಿನ ಜಾವ ಎದ್ದು ಸಂಘದ ಪ್ರಯೋಗಶಾಲೆಗೆ ಹೋಗುವರು. ಹತ್ತು ಗಂಟೆಯ ಸುಮಾರಿಗೆ ಮನೆಗೆ ಧಾವಿಸಿ, ಉಂಡು, ಕಛೇರಿಗೆ ಓಡುವರು. ಸಂಜೆ ಕಛೇರಿಯಿಂದ ನೇರವಾಗಿ ಮತ್ತೆ ಪ್ರಯೋಗಶಾಲೆ. ಮನೆ ಸೇರುವಾಗ ರಾತ್ರಿ ಬಹಳ ಹೊತ್ತಾಗಿರುತ್ತಿತ್ತು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗ ಮನೆಯ ಕೋಣೆಯೇ ಪ್ರಯೋಗಶಾಲೆಯಾಯಿತು. 1911ರಲ್ಲಿ ಕಲ್ಕತ್ತೆಗೆ ಮರಳಿದ ಮೇಲೆ ಹಳೆಯ ಕ್ರಮ ಮತ್ತೆ ಆರಂಭವಾಯಿತು. ಲೆಕ್ಕಪತ್ರದ ಅಧಿಕಾರಿಯೊಬ್ಬನು ಬಿಡುವಿನ ವೇಳೆಯಲ್ಲಿ ಮಾಡಿದ ಈ ಕೆಲಸ ಜಗತ್ತಿನ ಹಿರಿಯ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಆ ಹತ್ತು ವರ್ಷಗಳಲ್ಲಿ ಅವರು ಹಿಡಿದ ಮುಖ್ಯ ವಿಷಯ ಕಂಪನ. ಭಿಕ್ಷುಕನ ಕೈಯಲ್ಲಿರುವ ಏಕತಾರಿಯ ಮೇಲೂ ಅವರು ಲೇಖನ ಬರೆದರು. ಆದರೆ ಅವರನ್ನು ಬಹುಕಾಲ ಹಿಡಿದು ನಿಲ್ಲಿಸಿದುದು ಪಿಟೀಲು. ಕಮಾನಿನಿಂದ ಎಳೆದಾಗ ತಂತಿಯು ಹೇಗೆ ಚಲಿಸುತ್ತದೆ? ಕಣ್ಣಿಗೆ ಕಾಣುವುದು ಮಸುಕಾದ ಒಂದು ಪಟ್ಟಿ ಮಾತ್ರ. ರಾಮನ್ನರು ತಂತಿಯ ಒಂದು ಬಿಂದುವಿನ ಮೇಲೆ ಬೆಳಕು ಬೀಳಿಸಿ, ಅದರ ನೆರಳನ್ನು ಚಲಿಸುತ್ತಿರುವ ಛಾಯಾಚಿತ್ರಫಲಕದ ಮೇಲೆ ಮೂಡಿಸಿದರು. ತಂತಿಯು ತನ್ನ ಚಲನೆಯನ್ನು ತಾನೇ ಗೆರೆಯಾಗಿ ಬರೆಯಿತು. ಆ ಗೆರೆಯಲ್ಲಿ ಅಂಕುಡೊಂಕಾದ ಏರಿಳಿತಗಳಿದ್ದವು. ತಂತಿಯು ಸ್ವಲ್ಪ ಹೊತ್ತು ಕಮಾನಿಗೆ ಅಂಟಿಕೊಂಡು ಅದರೊಡನೆ ಸಾಗಿ, ಥಟ್ಟನೆ ಜಾರಿ ಹಿಂದಕ್ಕೆ ಬಂದು, ಮತ್ತೆ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾಗುತ್ತದೆ. 1918ರಲ್ಲಿ ಪ್ರಕಟವಾದ ಅವರ ದೀರ್ಘ ಪ್ರಬಂಧ ಈ ಚಲನೆಯ ಗಣಿತವನ್ನು ವಿವರಿಸಿತು.

ಪಿಟೀಲಿನ ಮನೆತನದ ದೊಡ್ಡ ವಾದ್ಯಗಳಲ್ಲಿ ತೋಳಸ್ವರವೆಂಬ ಒಂದು ದೋಷವುಂಟು. ಒಂದು ನಿರ್ದಿಷ್ಟ ಸ್ವರವನ್ನು ನುಡಿಸಹೋದಾಗ ನಾದವು ಸ್ಥಿರವಾಗಿ ನಿಲ್ಲದೆ ತೋಳ ಊಳಿಟ್ಟಂತೆ ತೂಗಾಡುತ್ತದೆ. ರಾಮನ್ನರು ತಂತಿಯ ಕಂಪನವನ್ನೂ ವಾದ್ಯದ ಮರದ ಹಲಗೆಯ ಕಂಪನವನ್ನೂ ಒಂದೇ ಕಾಲಕ್ಕೆ ದಾಖಲಿಸಿ ನೋಡಿದರು. ತಂತಿಯ ಆವೃತ್ತಿಯು ಹಲಗೆಯ ಸಹಜವಾದ ಆವೃತ್ತಿಗೆ ಸಮೀಪಿಸಿದಾಗ ಶಕ್ತಿಯು ಒಂದರಿಂದ ಒಂದಕ್ಕೆ ಹರಿದಾಡುತ್ತದೆ. ಊಳಿಡುವ ದನಿಗೆ ಅದೇ ಕಾರಣವೆಂದು ತಿಳಿಯಿತು. ಇದು ಬರಿಯ ವಾದ್ಯದ ಮಾತಲ್ಲ. ಪ್ರತಿಯೊಂದು ವಸ್ತುವಿಗೂ, ಪ್ರತಿಯೊಂದು ಕಟ್ಟಡಕ್ಕೂ, ತಾನು ಸಹಜವಾಗಿ ತೂಗಾಡುವ ಒಂದು ಲಯವಿದೆ. ಹೊರಗಿನ ಪೆಟ್ಟು ಅದೇ ಲಯದಲ್ಲಿ ಬೀಳತೊಡಗಿದರೆ ಸಣ್ಣ ಪೆಟ್ಟುಗಳೇ ಸೇರಿ ದೊಡ್ಡ ಓಲಾಟವಾಗುತ್ತದೆ. ಇದನ್ನು ಅನುರಣನವೆನ್ನುವರು. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ ಬ್ರಾಟನ್ ತೂಗುಸೇತುವೆಯ ಮೇಲೆ ಸೈನಿಕರು ಹೆಜ್ಜೆ ಸೇರಿಸಿ ನಡೆದಾಗ ಸೇತುವೆಯು ಕುಸಿದುಬಿತ್ತು. ಆ ಬಳಿಕ ಸೇತುವೆಯ ಮೇಲೆ ಸೈನಿಕರು ಹೆಜ್ಜೆ ಮುರಿದು ನಡೆಯುವ ವಾಡಿಕೆ ಬಂದಿತು.

1917ರಲ್ಲಿ ರಾಮನ್ನರ ಮುಂದೆ ಒಂದು ಕವಲುದಾರಿ ಬಂದಿತು. ಕಲ್ಕತ್ತ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಸರ್ ಆಶುತೋಷ ಮುಖರ್ಜಿಯವರು, ತಾರಕನಾಥ ಪಾಲಿತರ ದತ್ತಿಯಿಂದ ಸ್ಥಾಪಿತವಾದ ಭೌತವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕೆ ಅವರನ್ನು ಆಹ್ವಾನಿಸಿದ್ದರು. ಸರ್ಕಾರಿ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಪ್ರಾಧ್ಯಾಪಕನ ಸಂಬಳ ತೀರ ಕಡಿಮೆ. ಇಲಾಖೆಯಲ್ಲಿ ಉಳಿದಿದ್ದರೆ ಅತ್ಯುನ್ನತ ಪದವಿಗೆ ಏರುವ ಭರವಸೆಯಿತ್ತು. ರಾಮನ್ನರು ಹೆಚ್ಚು ಯೋಚಿಸಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದರು.

ಪ್ರಾಧ್ಯಾಪಕರಾದ ಮೇಲೆ ಅವರು ಒಂದು ವಿಚಿತ್ರ ಯಂತ್ರವನ್ನು ಕಟ್ಟಿದರು. ಅದು ಪಿಟೀಲು ನುಡಿಸುವ ಯಂತ್ರ. ಮನುಷ್ಯನ ಕೈ ಒಂದೇ ಒತ್ತಡದಲ್ಲಿ, ಒಂದೇ ವೇಗದಲ್ಲಿ ಕಮಾನನ್ನು ಎಳೆಯಲಾರದು. ಎಳೆಯದಿದ್ದರೆ ಅಳತೆ ಸಾಧ್ಯವಾಗದು. ಆದ್ದರಿಂದ ಕಮಾನನ್ನು ಒಂದೆಡೆ ನಿಲ್ಲಿಸಿ, ಪಿಟೀಲೇ ಹಿಂದೆ ಮುಂದೆ ಸರಿಯುವಂತೆ ಏರ್ಪಡಿಸಿದರು. ಕಮಾನಿನ ಒತ್ತಡವನ್ನು ಬೇಕೆಂದಷ್ಟು ಹೆಚ್ಚು ಕಡಿಮೆ ಮಾಡಬಹುದಿತ್ತು. ಕುದುರೆಯ ಸಮೀಪಕ್ಕೆ ಕಮಾನು ಹೋದಷ್ಟೂ ಸ್ವರ ನಿಲ್ಲಲು ಎಷ್ಟು ಹೆಚ್ಚು ಒತ್ತಡ ಬೇಕೆಂಬುದನ್ನು 1920ರ ಹೊತ್ತಿಗೆ ಅವರು ಅಂಕಿಗಳಲ್ಲಿ ಹೇಳಬಲ್ಲವರಾದರು. ವಿದ್ವಾಂಸರು ವರ್ಷಗಟ್ಟಲೆ ಸಾಧನೆಯಿಂದ ಕೈಗೆ ತಂದುಕೊಳ್ಳುವ ವಿದ್ಯೆಯ ಹಿಂದೆ ಹೀಗೊಂದು ನಿಯಮವಿತ್ತು.

ನಮ್ಮ ನಾಡಿನ ವಾದ್ಯಗಳ ಕಡೆಗೂ ಅವರ ಲಕ್ಷ್ಯ ಹರಿಯಿತು. ಮೃದಂಗದ ವಿಷಯವಂತೂ ಅತ್ಯಂತ ಸ್ವಾರಸ್ಯಕರವಾದುದು. ಸಾಧಾರಣವಾಗಿ ಬಿಗಿದ ಚರ್ಮವನ್ನು ಬಡಿದರೆ ಹೊರಡುವುದು ಸದ್ದು, ಸ್ವರವಲ್ಲ. ಮೂಲಸ್ವರದ ಆವೃತ್ತಿಯನ್ನು ಒಂದೆಂದು ಇಟ್ಟುಕೊಂಡರೆ ಅದರ ಉಪಸ್ವರಗಳು 1.59, 2.14, 2.30 ಹೀಗೆ ಸೊಟ್ಟಸೊಟ್ಟಾಗಿ ಬರುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ಪಾಶ್ಚಾತ್ಯ ಶಾಸ್ತ್ರಜ್ಞರು ಚರ್ಮವಾದ್ಯಗಳನ್ನು ಕೀಳಾಗಿ ಕಂಡುದಕ್ಕೆ ಇದು ಕಾರಣ. ಆದರೆ ಮೃದಂಗದ ಬಲಮುಖದ ನಡುವೆ ಕಪ್ಪಾದ ಕರಣೆಯನ್ನು ಪದರಪದರವಾಗಿ ಮೆತ್ತಿರುತ್ತಾರೆ. ಆ ಭಾರದಿಂದ ಚರ್ಮದ ಕಂಪನಗಳೆಲ್ಲ ಸರಿಹೊಂದಿ, ಉಪಸ್ವರಗಳು 1, 2, 3, 4, 5 ಎಂಬ ಶುದ್ಧ ಅನುಪಾತಕ್ಕೆ ಬರುತ್ತವೆಂದು ರಾಮನ್ನರೂ ಶಿವಕಾಲಿ ಕುಮಾರರೂ 1920ರಲ್ಲಿ ತೋರಿಸಿದರು. ಮುಂದೆ 1934ರಲ್ಲಿ ಈ ವಿಷಯವನ್ನೇ ವಿಸ್ತರಿಸುವಾಗ, ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ಅದು ಅಲುಗದ ಗೆರೆಗಳಲ್ಲಿ ಕೂಡಿನಿಲ್ಲುವ ಚಿತ್ರಗಳಿಂದ ಕಂಪನದ ಬಗೆಗಳನ್ನು ಕಣ್ಣಿಗೆ ಕಾಣಿಸಿದರು. ಒಂದು ಹಿಡಿ ಮರಳು ಅಲ್ಲಿ ಸೂಕ್ಷ್ಮ ಉಪಕರಣದ ಕೆಲಸ ಮಾಡಿತು. ಮೃದಂಗವನ್ನು ಕಟ್ಟಿದ ಅಜ್ಞಾತ ಶಿಲ್ಪಿಗಳಿಗೆ ಗಣಿತ ಗೊತ್ತಿರಲಿಲ್ಲ, ಕಿವಿ ಗೊತ್ತಿತ್ತು. ಅವರ ಕಿವಿ ಸರಿಯೆಂದು ಗಣಿತವು ಒಪ್ಪಿಕೊಂಡಿತು.

1921ರಲ್ಲಿ ರಾಮನ್ನರು ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಕಲ್ಕತ್ತೆಯ ಪ್ರತಿನಿಧಿಯಾಗಿ ಹೋದ ಅವರು ಲಂಡನ್ನಿನ ಸಂತ ಪಾಲ್ ಪ್ರಾರ್ಥನಾಮಂದಿರವನ್ನು ನೋಡಿದರು. ಅದರ ಗುಮ್ಮಟದ ಬುಡದಲ್ಲಿ ಸುತ್ತಲೂ ಒಂದು ಮೊಗಸಾಲೆಯಿದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 34 ಮೀಟರ್ ವ್ಯಾಸದ ಆ ವೃತ್ತದ ಎದುರುಬದಿಯಲ್ಲಿ ಗೋಡೆಗೆ ಕಿವಿಯಿಟ್ಟವನಿಗೆ ಅದು ಕೇಳಿಸುತ್ತದೆ. ಶಬ್ದವು ಬಾಗಿದ ಗೋಡೆಗೆ ಅಂಟಿಕೊಂಡು ಹರಿದುಹೋಗುವುದೆಂದು ಲಾರ್ಡ್ ರ‍್ಯಾಲೆ ಮೊದಲೇ ವಿವರಿಸಿದ್ದರು. ಪ್ರವಾಸಿಗರು ಪಿಸುಗುಟ್ಟಿ, ನಕ್ಕು ಹಿಂದಿರುಗುವ ಸ್ಥಳ ಅದು. ರಾಮನ್ನರಾದರೋ ಸದರ್ಲೆಂಡ್ ಎಂಬ ಭೌತವಿಜ್ಞಾನಿಯೊಡನೆ ಅಲ್ಲಿ ಪ್ರಯೋಗಕ್ಕೆ ತೊಡಗಿದರು. ಗೋಡೆಯಿಂದ ನಡುವಿನ ಕಡೆಗೆ ಬರುತ್ತಿದ್ದಂತೆ ಶಬ್ದವು ಸುಮ್ಮನೆ ಕ್ಷೀಣಿಸುವುದಿಲ್ಲ. ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗಾಗಿ ಏರಿಳಿಯುತ್ತದೆಂದು ಅವರು ಕಂಡುಕೊಂಡರು. ಗುಮ್ಮಟದೊಳಗಿನ ಗಾಳಿಯೂ ಮೃದಂಗದ ಚರ್ಮದಂತೆ ಕೆಲವೆಡೆ ಅಲುಗಿ ಕೆಲವೆಡೆ ನಿಶ್ಚಲವಾಗಿರುತ್ತದೆ. ಆ ವರ್ಷವೇ ಈ ಫಲಿತಾಂಶ ಪ್ರಕಟವಾಯಿತು.

ಭಾರತಕ್ಕೆ ಬಂದಮೇಲೂ ಈ ಕುತೂಹಲ ಆರಲಿಲ್ಲ. ಪಿಸುಮಾತಿನ ಮೊಗಸಾಲೆಗಳನ್ನು ಕುರಿತ ಅವರ ಮುಂದಿನ ಪ್ರಬಂಧದಲ್ಲಿ ನಮ್ಮ ನಾಡಿನ ಇಂಥ ಕಟ್ಟಡಗಳ ವಿಚಾರ ಬಂದಿತು. ಅವುಗಳಲ್ಲಿ ಅಂದಿನ ಬಿಜಾಪುರದ, ಇಂದಿನ ವಿಜಯಪುರದ, ಗೋಳಗುಮ್ಮಟವೂ ಒಂದು. ಮಹಮ್ಮದ್ ಆದಿಲ್‌ಷಾಹನ ಸಮಾಧಿಯಾದ ಈ ಕಟ್ಟಡ 1656ರಲ್ಲಿ ಮುಗಿಯಿತು. ಹೊರಗಿನಿಂದ ಅಳೆದರೆ ಗುಮ್ಮಟದ ವ್ಯಾಸ ಸುಮಾರು 44 ಮೀಟರ್. ನಡುವೆ ಒಂದೇ ಒಂದು ಕಂಬವಿಲ್ಲ. ಒಳಗಿನ ಮೊಗಸಾಲೆಯಲ್ಲಿ ಕೈಗಡಿಯಾರದ ಟಿಕ್ ಟಿಕ್ ಸದ್ದೂ ಎದುರುಬದಿಗೆ ಕೇಳಿಸುವುದೆಂದು ಹೇಳುತ್ತಾರೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಏಳೆಂಟು ಸಲ ಮರುಕಳಿಸುತ್ತದೆ. ಕನ್ನಡನಾಡಿನ ಜನರು ತಲೆಮಾರುಗಳಿಂದ ಬೆರಗುಪಟ್ಟ ಈ ಸಂಗತಿ ರಾಮನ್ನರ ಕೈಯಲ್ಲಿ ಭೌತವಿಜ್ಞಾನದ ಸಮಸ್ಯೆಯಾಯಿತು.

ಹಂಪೆಯ ವಿಠ್ಠಲ ದೇವಾಲಯದ ಕಂಬಗಳ ಕಥೆಯನ್ನೂ ಇಲ್ಲಿಯೇ ಹೇಳುವುದು ಉಚಿತ. ಈ ಕಂಬಗಳು ನಾದಗೈಯುವುದಕ್ಕೆ ಅವು ಒಳಗೆ ಟೊಳ್ಳಾಗಿರುವುದೇ ಕಾರಣವಿರಬೇಕೆಂದು ಅನೇಕರು ಭಾವಿಸಿದ್ದರು. ಅದನ್ನು ತಿಳಿಯಲು ಆಂಗ್ಲರು ಎರಡು ಕಂಬಗಳನ್ನು ಕತ್ತರಿಸಿ ನೋಡಿದರೆಂಬ ಕಥೆ ಹಂಪೆಯಲ್ಲಿ ಪ್ರಚಲಿತವಾಗಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಲ್ಲಿಗೆ ಒಂದು ಗೀರೂ ಬೀಳದಂತೆ ಪರೀಕ್ಷೆ ನಡೆಸಿ, 2008ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕಂಬಗಳ ನಾದವನ್ನು ದಾಖಲಿಸಿ ಅದರಲ್ಲಿ ಅಡಗಿದ ಆವೃತ್ತಿಗಳನ್ನು ಬೇರ್ಪಡಿಸಿದರು. ಕಿವಿಗೆ ಕೇಳಿಸದ ಶ್ರವಣಾತೀತ ತರಂಗಗಳನ್ನು ಕಲ್ಲಿನೊಳಕ್ಕೆ ಹಾಯಿಸಿದರು. ಕಂಬಗಳು ಟೊಳ್ಳಲ್ಲ, ಗಟ್ಟಿಯಾದ ಕಣಶಿಲೆಯವೇ ಎಂದು ತಿಳಿಯಿತು. ತಟ್ಟಿದಾಗ ಸಣ್ಣ ಕಂಬವು ಬಿಲ್ಲಿನಂತೆ ಅತ್ತಿತ್ತ ಬಾಗಿ ಕಂಪಿಸುವುದೇ ನಾದಕ್ಕೆ ಕಾರಣ. ಪಿಟೀಲಿನ ಸ್ವರವನ್ನು ಬಿಡಿಸಿ ನೋಡುವ ವಿಧಾನಕ್ಕೂ ಈ ವಿಧಾನಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಈ ಕಂಬಗಳನ್ನು ಈಗ ಯಾರೂ ತಟ್ಟುವಂತಿಲ್ಲ. ಶತಮಾನಗಳ ಪೆಟ್ಟಿನಿಂದ ಅವು ಸವೆದಿವೆ.

ಮನೆ, ಅಣೆಕಟ್ಟು, ಸೇತುವೆಗಳ ನಡುಕವನ್ನು ಅಳೆಯಲು ಇಂಜಿನಿಯರರು ಬಳಸುವ ಸಂವೇದಕಗಳೂ ಸರಳವಾದ ಒಂದು ತತ್ತ್ವವನ್ನು ಆಧರಿಸಿವೆ. ಗೋಡೆಗೆ ಬಿಗಿದ ಚಿಕ್ಕ ಪೆಟ್ಟಿಗೆಯೊಳಗೆ ಸ್ಪ್ರಿಂಗಿನ ಆಧಾರದಲ್ಲಿ ಒಂದು ತೂಕವಿರುತ್ತದೆ. ಗೋಡೆ ಅಲುಗಿದರೆ ಪೆಟ್ಟಿಗೆ ಅದರ ಜೊತೆಗೆ ಅಲುಗುತ್ತದೆ; ತೂಕವು ಜಡತ್ವದಿಂದ ಹಿಂದೆ ಉಳಿಯುತ್ತದೆ. ಈ ವ್ಯತ್ಯಾಸವು ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು ಗೆರೆಯಾಗಿ ಮೂಡುತ್ತದೆ. ಸ್ಥೂಲವಾಗಿ ಹೇಳುವುದಾದರೆ ಹತ್ತು ಅಂತಸ್ತಿನ ಕಟ್ಟಡ ಸೆಕೆಂಡಿಗೆ ಒಂದು ಸಲ ತೂಗುತ್ತದೆ. ಒಂದಂತಸ್ತಿನ ಮನೆ ಅದಕ್ಕಿಂತ ಹಲವು ಪಟ್ಟು ಬೇಗ ತೂಗುತ್ತದೆ. ಬಿರುಕು ಬಿಟ್ಟ ಕಟ್ಟಡದ ಲಯ ನಿಧಾನವಾಗುತ್ತದೆ. ಆದುದರಿಂದ ಕಂಪನವನ್ನು ಅಳೆದು, ಕಣ್ಣಿಗೆ ಕಾಣದ ದೌರ್ಬಲ್ಯವನ್ನೂ ಊಹಿಸಬಹುದು. ರಾಮನ್ನರು ಕಟ್ಟಡಗಳ ಇಂಜಿನಿಯರರಲ್ಲ. ಈ ಉಪಕರಣಗಳನ್ನು ಅವರು ರಚಿಸಲೂ ಇಲ್ಲ. ಆದರೆ ನಾದವನ್ನು ಗೆರೆಯಾಗಿಸಿ ಓದುವ ವಿದ್ಯೆಯನ್ನು ಈ ನೆಲದಲ್ಲಿ ಬೇರೂರಿಸಿದವರಲ್ಲಿ ಅವರು ಮೊದಲಿಗರು.

ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿ ಅವರನ್ನು ಬೆರಗುಗೊಳಿಸಿತು. ಆಕಾಶದ ಬಣ್ಣ ನೀರಿನಲ್ಲಿ ಪ್ರತಿಫಲಿಸುವುದರಿಂದ ಸಮುದ್ರವು ನೀಲಿಯಾಗಿ ಕಾಣುವುದೆಂಬ ಮಾತು ಸಾಲದೆಂದು ಅವರಿಗೆ ತೋರಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ಅವರು ತೋರಿಸಿದರು. ಅಲ್ಲಿಂದ ಏಳು ವರ್ಷ ಅವರೂ ಅವರ ಶಿಷ್ಯರೂ ದ್ರವಗಳಲ್ಲಿ ಬೆಳಕು ಚದರುವುದನ್ನು ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು, ಕೆ. ಎಸ್. ಕೃಷ್ಣನ್ನರ ಸಹಕಾರದಿಂದ ನಡೆದ ಪ್ರಯೋಗದಲ್ಲಿ, ಒಂದೇ ಬಣ್ಣದ ಬೆಳಕನ್ನು ದ್ರವದೊಳಕ್ಕೆ ಹಾಯಿಸಿದಾಗ ಚದರಿದ ಬೆಳಕಿನಲ್ಲಿ ಮೊದಲಿಲ್ಲದ ಬಣ್ಣಗಳು ಸ್ಪಷ್ಟವಾಗಿ ಗೋಚರಿಸಿದವು. ಮಾರ್ಚ್ 16ರಂದು ರಾಮನ್ನರು ಈ ಸಂಶೋಧನೆಯನ್ನು ವಿವರವಾಗಿ ಉಪನ್ಯಾಸದಲ್ಲಿ ಮಂಡಿಸಿದುದು ಬೆಂಗಳೂರಿನಲ್ಲಿ. ಬಳಸಿದ ಉಪಕರಣಗಳ ಬೆಲೆ ಕೆಲವು ನೂರು ರೂಪಾಯಿಗಳನ್ನು ಮೀರಿರಲಿಲ್ಲ.

ಈ ಹೊಸ ಬಣ್ಣಗಳು ಎಲ್ಲಿಂದ ಬಂದವು? ಅಣುವಿನಲ್ಲಿರುವ ಪರಮಾಣುಗಳು ಸ್ಪ್ರಿಂಗಿನಿಂದ ಕಟ್ಟಿದ ಗುಂಡುಗಳಂತೆ ಸದಾ ಕಂಪಿಸುತ್ತಿರುತ್ತವೆ. ಬೆಳಕು ಅವುಗಳಿಗೆ ತಗುಲಿದಾಗ ತನ್ನ ಶಕ್ತಿಯ ಒಂದಂಶವನ್ನು ಆ ಕಂಪನಕ್ಕೆ ಕೊಡುತ್ತದೆ, ಇಲ್ಲವೆ ಅದರಿಂದ ಪಡೆಯುತ್ತದೆ. ಶಕ್ತಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಬದಲಾವಣೆಯನ್ನು ಅಳೆದರೆ ಅಣುವಿನ ಕಂಪನವನ್ನೇ ಅಳೆದಂತಾಯಿತು. ಬೆನ್ಜೀನ್ ಎಂಬ ದ್ರವದ ಅಣುವಿನ ಉಂಗುರವು ಸೆಕೆಂಡಿಗೆ ಸುಮಾರು ಮೂವತ್ತು ಲಕ್ಷ ಕೋಟಿ ಸಲ ಹಿಗ್ಗಿ ಕುಗ್ಗುತ್ತದೆ. ಪಿಟೀಲಿನ ತಂತಿಯಿಂದ ಹೊರಟ ದಾರಿ ಇಲ್ಲಿಗೆ ಬಂದು ಮುಟ್ಟಿತ್ತು. ತಂತಿಯಾದರೂ ಅಣುವಾದರೂ ಪ್ರತಿಯೊಂದಕ್ಕೂ ತನ್ನದೇ ಆದ ಸ್ವರಗಳಿವೆ. ಆ ಸ್ವರಗಳಿಂದ ಅದನ್ನು ಗುರುತಿಸಬಹುದು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ವಿಜ್ಞಾನಕ್ಕಾಗಿ ಅದನ್ನು ಪಡೆದ ಏಷ್ಯದ ಮೊದಲಿಗರು ಅವರು.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರೂ ಅವರೇ. ಅಂದಿನಿಂದ ಕೊನೆಯವರೆಗೆ ಬೆಂಗಳೂರೇ ಅವರ ಊರಾಯಿತು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ನಾಗೇಂದ್ರನಾಥರೊಡನೆ ಶ್ರವಣಾತೀತ ಶಬ್ದತರಂಗಗಳು ದ್ರವದಲ್ಲಿ ಹರಿಯುವಾಗ ಬೆಳಕನ್ನು ಹೇಗೆ ಕವಲೊಡೆಯಿಸುತ್ತವೆಂಬುದಕ್ಕೆ ಸಿದ್ಧಾಂತ ಕೊಟ್ಟರು. ನಾದವೂ ಬೆಳಕೂ ಇಲ್ಲಿ ಮತ್ತೊಮ್ಮೆ ಕೂಡಿದವು. ಆದರೆ ಆಡಳಿತದ ಹಾದಿ ಸುಗಮವಾಗಿರಲಿಲ್ಲ. ಭೌತವಿಜ್ಞಾನಕ್ಕೆ ಹೆಚ್ಚು ಹಣ, ಹೊರದೇಶದ ಶ್ರೇಷ್ಠ ವಿಜ್ಞಾನಿಗಳಿಗೆ ಆಹ್ವಾನ ಮುಂತಾದ ಅವರ ಯೋಜನೆಗಳು ಅನೇಕರಿಗೆ ಹಿಡಿಸಲಿಲ್ಲ. ಅವರ ಮಾತೂ ಮೃದುವಾದುದಲ್ಲ. ವಿಚಾರಣಾ ಸಮಿತಿ ಕುಳಿತಿತು. 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ನೊಬೆಲ್ ಪಡೆದ ಮಹನೀಯರು ಅದೇ ಸಂಸ್ಥೆಯಲ್ಲಿ ಬರಿಯ ಪ್ರಾಧ್ಯಾಪಕರಾಗಿ 1948ರವರೆಗೆ ದುಡಿದರು. ಅಪಮಾನವನ್ನು ನುಂಗಿಕೊಂಡು ಪ್ರಯೋಗಶಾಲೆಗೆ ಮರಳುವುದು ಅವರ ಸ್ವಭಾವಕ್ಕೆ ಸುಲಭವಾಗಿರಲಾರದು. ಆದರೂ ಮರಳಿದರು.

ಆ ವರ್ಷಗಳಲ್ಲಿಯೇ ಅವರ ಮತ್ತೊಂದು ವಿವಾದ ಬೆಳೆಯಿತು. ವಜ್ರದಂಥ ಹರಳುಗಳಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆಂಬ ವಿಷಯದಲ್ಲಿ ಜರ್ಮನಿಯ ಮಾಕ್ಸ್ ಬಾರ್ನ್ ಒಂದು ಸಿದ್ಧಾಂತವನ್ನು ಕೊಟ್ಟಿದ್ದರು. ರಾಮನ್ನರು ಅದನ್ನು ತಿರಸ್ಕರಿಸಿ ತಮ್ಮದೇ ಆದ ಸಿದ್ಧಾಂತವನ್ನು ಮುಂದಿಟ್ಟರು. ವರ್ಷಗಟ್ಟಲೆ ವಾದ ನಡೆಯಿತು. ಬಾರ್ನರೇ ಸರಿಯೆಂದು ವಿಜ್ಞಾನಲೋಕವು ಒಪ್ಪಿತು. ರಾಮನ್ನರು ಕೊನೆಯವರೆಗೂ ಒಪ್ಪಲಿಲ್ಲ. ಎಂಥ ಸೂಕ್ಷ್ಮ ಕಂಪನವನ್ನೂ ಹಿಡಿಯಬಲ್ಲವರಾಗಿದ್ದ ಅವರು ತಮ್ಮ ಎದುರಿನ ವಾದಕ್ಕೆ ಈ ಒಂದು ವಿಷಯದಲ್ಲಿ ಕಿವಿಗೊಡದೆ ಹೋದರು. 1935ರಲ್ಲಿ ಬಾರ್ನರನ್ನು ಬೆಂಗಳೂರಿಗೆ ಕರೆಸಿಕೊಂಡವರೇ ರಾಮನ್ನರೆಂಬುದು ಈ ಪ್ರಕರಣದ ವಿಷಾದವನ್ನು ಹೆಚ್ಚಿಸುತ್ತದೆ.

ಅಕಾಡೆಮಿಗೆ ಮೈಸೂರಿನ ಮಹಾರಾಜರು ಹೆಬ್ಬಾಳದ ಕಡೆ ಕೊಡಿಸಿದ್ದ ಭೂಮಿಯಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ತಲೆಯೆತ್ತಿತು. ಅಲ್ಲಿ ಹರಳುಗಳ, ವಜ್ರಗಳ, ಹೂಗಳ ಬಣ್ಣಗಳ ಅಧ್ಯಯನ ನಡೆಯಿತು. 1954ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ಪ್ರತಿವರ್ಷ ಅಕ್ಟೋಬರ್ 2ರಂದು ಗಾಂಧೀ ಸ್ಮಾರಕ ಉಪನ್ಯಾಸವನ್ನು ಅವರು ತಪ್ಪದೆ ನೀಡುತ್ತಿದ್ದರು. ಶಾಲೆಯ ಮಕ್ಕಳು ಬಂದರೆ ಅವರಿಗೆ ಹರಳುಗಳನ್ನು ತೋರಿಸುವುದರಲ್ಲಿ ಹೊತ್ತು ಹೋದುದೇ ತಿಳಿಯುತ್ತಿರಲಿಲ್ಲ.

1970ರ ಅಕ್ಟೋಬರ್ 2ರ ಉಪನ್ಯಾಸವು ಅವರ ಕೊನೆಯ ಗಾಂಧೀ ಸ್ಮಾರಕ ಉಪನ್ಯಾಸವಾಯಿತು. ಎಂಬತ್ತೆರಡು ತುಂಬಲಿದ್ದ ರಾಮನ್ನರು ಆ ದಿನ ಆರಿಸಿಕೊಂಡ ವಿಷಯ ಮನುಷ್ಯನ ಕಿವಿ. ಗಾಳಿಯ ಕಂಪನವು ಕಿವಿಯ ತಮಟೆಯನ್ನು ನಡುಗಿಸಿ, ಒಳಗಿನ ಶಂಖದಂಥ ಸುರುಳಿಯನ್ನು ಸೇರಿ, ಅಲ್ಲಿ ಸ್ವರಗಳಾಗಿ ಬೇರ್ಪಡುವ ಬಗೆಯನ್ನು ಕುರಿತು ಅವರು ಮಾತನಾಡಿದರು. ಅದೇ ತಿಂಗಳ ಕೊನೆಯಲ್ಲಿ ಪ್ರಯೋಗಶಾಲೆಯಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಉಳಿಯಲೊಪ್ಪದೆ, ತಾವು ಬೆಳೆಸಿದ ತೋಟದ ನಡುವೆಯೇ ಇರಬೇಕೆಂದು ಬಯಸಿ ಸಂಸ್ಥೆಗೆ ಮರಳಿದರು. ನವೆಂಬರ್ 21ರ ಬೆಳಗಿನ ಜಾವ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಯಾವ ಆಡಂಬರವೂ ಇಲ್ಲದೆ ಆ ತೋಟದಲ್ಲಿಯೇ ದಹನಕ್ರಿಯೆ ನಡೆಯಿತು. ಆ ಸ್ಥಳದಲ್ಲಿ ಒಂದು ಗಿಡ ನೆಟ್ಟರು.